ಚೋಕೆಕಿರಾವ್: ಮೊದಲು ಇಳಿದು ಆಮೇಲೆ ಹತ್ತುವ ದಾರಿ

ಪೆರುವಿಗೆ ಹೋಗಿದ್ದೆ ಎಂದರೆ ಎಲ್ಲರೂ ಮಚು ಪಿಚು ಫೋಟೋ ತೋರಿಸು ಎನ್ನುತ್ತಾರೆ. ನಾನು ಚೋಕೆಕಿರಾವ್ ಫೋಟೋ ತೋರಿಸುತ್ತೇನೆ. ಅವರ ಮುಖ ಸ್ವಲ್ಪ ಪೆಚ್ಚಾಗುತ್ತದೆ. ಇದೂ ಇಂಕಾ ಜನ ಕಟ್ಟಿದ ಊರೇ. ಇದೂ ಬೆಟ್ಟದ ನೆತ್ತಿಯಲ್ಲೇ ಇದೆ. ಆದರೆ ಮಚು ಪಿಚುವಿನ ಬುಡದವರೆಗೆ ರೈಲು, ಅಲ್ಲಿಂದ ಬಾಗಿಲವರೆಗೆ ಬಸ್ಸು ಇದೆ. ದಿನಕ್ಕೆ ನಾಲ್ಕು ಸಾವಿರಕ್ಕೂ ಜಾಸ್ತಿ ಜನ ಬರುತ್ತಾರೆ. ಚೋಕೆಕಿರಾವ್‌ಗೆ ಕಾಲೇ ಗತಿ. ನಾವು ಹೋದ ದಿನ ಅಷ್ಟು ದೊಡ್ಡ ಊರಿನಲ್ಲಿ ಇದ್ದ ಪ್ರವಾಸಿಗರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಇಂಕಾಗಳ ಹಳೆಯ ರಾಜಧಾನಿ ಕುಸ್ಕೋದಿಂದ ಅಬಂಕಾಯ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಬೆಳಗಿನ ಜಾವವೇ ವ್ಯಾನ್ ಹೊರಟಿತು. ದಾರಿಯಲ್ಲಿ ಸಾಯ್ವಿತೆ ಎಂಬ ಜಾಗದಲ್ಲಿ ಗೈಡ್ ಇಳಿಸಿದ. ಅಲ್ಲೊಂದು ದೊಡ್ಡ ಬಂಡೆ. ಅದರ ತಲೆ ಮೇಲೆಲ್ಲ ಕೆತ್ತನೆ. ಮೆಟ್ಟಿಲು, ಕಾಲುವೆ, ಗದ್ದೆಯ ಹಂತಗಳು, ನಡುವೆ ಪ್ರಾಣಿಗಳು. ಇನ್ನೂರಕ್ಕೂ ಹೆಚ್ಚು ಆಕೃತಿಗಳಿವೆ. ನೀರು ಸುರಿದರೆ ಆ ಪುಟ್ಟ ಕಾಲುವೆಗಳಲ್ಲಿ ಹರಿದು ಬಂಡೆಯ ಅಂಚಿನಿಂದ ಬೀಳುತ್ತದೆ. ಯಾಕೆ ಕೆತ್ತಿದರು ಎಂಬುದಕ್ಕೆ ಒಬ್ಬೊಬ್ಬ ತಜ್ಞರದು ಒಂದೊಂದು ಉತ್ತರ. ಇಂಕಾ ಜನಕ್ಕೆ ಲಿಪಿ ಇರಲಿಲ್ಲ. ಲೆಕ್ಕ ಇಡುತ್ತಿದ್ದದ್ದು ಗಂಟು ಹಾಕಿದ ದಾರಗಳಲ್ಲಿ. ಹಾಗಾಗಿ ಇಂಥ ಕಡೆ ಕಲ್ಲು ನೋಡಿಯೇ ಊಹಿಸಬೇಕು.

ಕಚೋರ ಹಳ್ಳಿ ದಾಟಿ ಕಪುಲಿಯೊಕ್ ಎಂಬಲ್ಲಿ ರಸ್ತೆ ಮುಗಿಯುತ್ತದೆ. ಅಲ್ಲಿ ನಿಂತು ಕೆಳಗೆ ನೋಡಿದರೆ ಅಪುರಿಮಾಕ್ ಕಣಿವೆ. ನದಿ ಒಂದು ಬೂದು ಗೆರೆಯಷ್ಟೇ. ಎದುರು ದಡದಲ್ಲಿ ಹಿಮದ ಶಿಖರಗಳು. ಕುಮಾರ ಪರ್ವತದಲ್ಲಿ ಮೊದಲು ಹತ್ತಿ, ಮರುದಿನ ನೋಯುವ ಮಂಡಿ ಹಿಡಿದುಕೊಂಡು ಇಳಿಯುತ್ತೇವಲ್ಲ, ಇಲ್ಲಿ ಅದೇ ಆಟ ತಲೆಕೆಳಗು. ಸುಮಾರು 2,900 ಮೀಟರ್ ಎತ್ತರದಿಂದ 1,500 ಮೀಟರ್‌ವರೆಗೆ ಇಳಿಯಬೇಕು. ನದಿ ದಾಟಿ ಮತ್ತೆ ಅಷ್ಟೇ ಹತ್ತಬೇಕು. ಬರುವಾಗ ಇದೇ ಪಾಠ ಇನ್ನೊಂದು ಸಲ.

ಎತ್ತರದ ಭಯ ಇರುವವರಿಗೆ ಒಂದು ಮಾತು. ಕುಸ್ಕೋ ನಗರವೇ 3,400 ಮೀಟರ್‌ನಲ್ಲಿದೆ. ಚೋಕೆಕಿರಾವ್ ಅದಕ್ಕಿಂತ ಕೆಳಗೆ, 3,050 ಮೀಟರ್ ಆಸುಪಾಸು. ಕುಸ್ಕೋದಲ್ಲಿ ಒಂದೆರಡು ದಿನ ಕೋಕಾ ಎಲೆಯ ಚಹಾ ಕುಡಿದುಕೊಂಡು ಸುಮ್ನೆ ಅಡ್ಡಾಡಿದ್ದರೆ ಇಲ್ಲಿ ಉಸಿರಿಗೆ ಅಷ್ಟು ತೊಂದರೆ ಇಲ್ಲ. ಇಲ್ಲಿನ ಶತ್ರು ಬಿಸಿಲು. ಕಣಿವೆಯ ತಳದಲ್ಲಿ ನೆರಳೇ ಇಲ್ಲ. ಕಳ್ಳಿ, ಮುಳ್ಳುಗಿಡ, ಒಣ ಮಣ್ಣು ಅಷ್ಟೇ. ಜೂನ್ ಅಲ್ಲಿ ಚಳಿಗಾಲ, ಆದರೂ ಮಧ್ಯಾಹ್ನ ಬೆವರು ಸುರಿಯುತ್ತಿತ್ತು. ಜೊತೆಗೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನೊಣಗಳು. ಕಚ್ಚಿದಾಗ ಗೊತ್ತಾಗುವುದಿಲ್ಲ. ರಾತ್ರಿ ಟೆಂಟಿನೊಳಗೆ ಮಲಗಿದ ಮೇಲೆ ತುರಿಕೆ ಶುರುವಾಗುತ್ತದೆ.

ನಮ್ಮ ಸಾಮಾನು ಹೊತ್ತದ್ದು ಹೇಸರಗತ್ತೆಗಳು. ಮಚು ಪಿಚುವಿಗೆ ಹೋಗುವ ಹಳೆಯ ಇಂಕಾ ದಾರಿಯಲ್ಲಿ ಪ್ರಾಣಿಗಳನ್ನು ಬಿಡುವುದಿಲ್ಲ, ಮನುಷ್ಯರೇ ಹೊರಬೇಕು. ಇಲ್ಲಿ ಅರ್ರಿಯೇರೋ ಇರುತ್ತಾನೆ. ಹೇಸರಗತ್ತೆ ಹೊಡೆಯುವವನು. ನಮ್ಮವನು ಸುಮಾರು ಐವತ್ತು ವಯಸ್ಸಿನವನು, ಟೈರಿನ ಚಪ್ಪಲಿ ಹಾಕಿದ್ದ. ನಾವು ಸಾವಿರಾರು ರೂಪಾಯಿಯ ಬೂಟು ಹಾಕಿಕೊಂಡು ಜಾರುತ್ತಿದ್ದರೆ ಅವನು ಶಿಳ್ಳೆ ಹೊಡೆಯುತ್ತಾ ಮುಂದೆ ಹೋಗಿಬಿಡುತ್ತಿದ್ದ. ಮುಂದಿನ ದಾರಿ ಹೇಗಿದೆ ಎಂದು ಗೈಡನ್ನು ಕೇಳಿದರೆ ಯಾವಾಗಲೂ ಒಂದೇ ಉತ್ತರ: "ಇಂಕಾ ಫ್ಲಾಟ್." ಮಟ್ಟಸ ಎಂದುಕೊಳ್ಳಬೇಡಿ. ಸ್ವಲ್ಪ ಏರು, ಸ್ವಲ್ಪ ಇಳಿತ, ಕೊನೆಗೆ ಜಾಸ್ತಿ ಏರು ಎಂದರ್ಥ.

ಚಿಕಿಸ್ಕ ಎಂಬಲ್ಲಿ ರಾತ್ರಿ ಕಳೆದು, ಕತ್ತಲಲ್ಲೇ ಟಾರ್ಚ್ ಹಿಡಿದು ನದಿಗೆ ಇಳಿದೆವು. ಸೇತುವೆ ಈಗ ಗಟ್ಟಿಯಾಗಿದೆ. ಹಿಂದಿನದು ನೆರೆಗೆ ಕೊಚ್ಚಿಹೋಗಿ, ಕೆಲವು ವರ್ಷ ತಂತಿಗೆ ತೂಗುಬಿಟ್ಟ ತೊಟ್ಟಿಲಲ್ಲಿ ಕೂತು ಜನ ದಾಟುತ್ತಿದ್ದರಂತೆ. ಇದೇ ನದಿಯ ಮೇಲ್ಭಾಗದಲ್ಲಿ ಕೇಸ್ವಚಾಕ ಎಂಬ ಹುಲ್ಲುಹಗ್ಗದ ಸೇತುವೆ ಇದೆ. ಸುತ್ತಲಿನ ಹಳ್ಳಿಗಳವರು ಪ್ರತಿ ಜೂನ್‌ನಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಹೆಣೆಯುತ್ತಾರೆ. ಇಂಕಾ ಕಾಲದ ಕೆಲಸ, ಈಗಲೂ ನಿಂತಿಲ್ಲ. ಅಪುರಿಮಾಕ್ ಅಂದರೆ ಸುಮ್ನೆ ಯಾವುದೋ ಹೊಳೆಯಲ್ಲ. ಅಮೆಜಾನ್‌ನ ಅತಿ ದೂರದ ಮೂಲ ಇದರ ಕಡೆಯೇ ಎಂದು ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ.

ನದಿ ದಾಟಿದ ಮೇಲೆ ಏರು. ಹಾವಿನ ಹಾಗೆ ಸುತ್ತುವ ಹಾದಿ. ಅರ್ಧದಲ್ಲಿ ಸಾಂತ ರೋಸ ಎಂಬ ಪುಟ್ಟ ಜಾಗ, ಅಲ್ಲಿ ಕಬ್ಬಿನ ಗದ್ದೆ! ಕಬ್ಬು ಅರೆದು ಸಾರಾಯಿ ಕಾಯಿಸುತ್ತಾರೆ. ಆ ಕಬ್ಬು ಮೂಲದಲ್ಲಿ ನಮ್ಮ ಏಷ್ಯಾದ ಕಡೆಯದು, ಸ್ಪೇನಿನವರು ಅಲ್ಲಿಗೆ ಒಯ್ದರು. ಬದಲಿಗೆ ಅವರ ಬೆಟ್ಟದ ಆಲೂಗಡ್ಡೆ ಹಾಸನಕ್ಕೆ ಬಂತು. ಮೆಣಸಿನಕಾಯಿಯೂ ಆ ಖಂಡದ್ದೇ, ಅದು ಬ್ಯಾಡಗಿಗೆ ಬಂತು. ಸಸ್ಯಾಹಾರಿ ಎಂದು ಮೊದಲೇ ಹೇಳಿದ್ದರಿಂದ ಅಡುಗೆಯವನು ಹೊತ್ತುಹೊತ್ತಿಗೂ ಆಲೂಗಡ್ಡೆಯನ್ನೇ ಹಾಕಿದ. ಬೇಯಿಸಿದ್ದು, ಕರಿದದ್ದು, ಕೀನೋವಾ ಸಾರಿನೊಳಗೆ ತೇಲಿದ್ದು. ನನ್ನ ಹತ್ತಿರ ಚಟ್ನಿಪುಡಿ ಇತ್ತು. ಅವನಿಗೂ ಕೊಟ್ಟೆ. ಅವನು ತನ್ನ ರೊಕೋಟೋ ಮೆಣಸಿನ ಗೊಜ್ಜು ಕೊಟ್ಟ. ಸೋತವನು ನಾನೇ.

ಮರಂಪಾತ ಏರಿನ ತುದಿಯಲ್ಲಿರುವ ಕೆಲವೇ ಮನೆಗಳ ಹಳ್ಳಿ. ಅಲ್ಲಿಂದ ಚೋಕೆಕಿರಾವ್‌ಗೆ ಇನ್ನೂ ಒಂದೂವರೆ ಗಂಟೆ, ಇಂಕಾ ಫ್ಲಾಟ್.

ಮೊದಲು ಕಾಣುವುದು ಗದ್ದೆಯ ಹಂತಗಳು. ಆಮೇಲೆ ಮುಖ್ಯ ಚೌಕ, ಸುತ್ತ ಮನೆಗಳು. ಮಚು ಪಿಚುವಿನ ಹಾಗೆ ಕೂದಲೂ ತೂರದಂತೆ ಕೂಡಿಸಿದ ಗ್ರಾನೈಟ್ ಗೋಡೆ ಇಲ್ಲಿಲ್ಲ. ಈ ಬೆಟ್ಟದ ಕಲ್ಲು ಪದರ ಪದರವಾಗಿ ಒಡೆಯುತ್ತದೆ, ಹಾಗೆ ನುಣುಪಾಗಿ ಕೆತ್ತಲು ಬರುವುದಿಲ್ಲ. ಅದಕ್ಕೇ ಮಣ್ಣಿನ ಗಾರೆಯಲ್ಲಿ ಕಲ್ಲು ಕೂರಿಸಿ, ಮೇಲೆ ಮಣ್ಣು ಮೆತ್ತಿದ್ದರು. ಇದನ್ನು ಕೆಲವರು ಕಳಪೆ ಎನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಸಿಕ್ಕ ಕಲ್ಲಲ್ಲಿ ಇಷ್ಟು ಕಡಿದಾದ ಬೆಟ್ಟದ ಮೇಲೆ ನೀರಿನ ಕಾಲುವೆ, ಉಗ್ರಾಣ, ಎರಡಂತಸ್ತಿನ ಮನೆ ಎಲ್ಲ ಮಾಡಿದ್ದಾರೆ. ಐನೂರು ವರ್ಷ ದಾಟಿದರೂ ಕಾಲುವೆಯ ಗೆರೆ ಇನ್ನೂ ನೆಟ್ಟಗಿದೆ.

ಚೌಕದ ದಕ್ಷಿಣಕ್ಕೆ ಒಂದು ಗುಡ್ಡದ ನೆತ್ತಿಯನ್ನೇ ಕಡಿದು ಚಪ್ಪಟೆ ಮಾಡಿ ಸುತ್ತ ಕಲ್ಲು ಇಟ್ಟಿದ್ದಾರೆ. ಪೂಜೆ, ವಿಧಿಗಳ ಜಾಗ. ಅಲ್ಲಿ ನಿಂತಾಗ ನಮಗಿಂತ ಕೆಳಗೆ ಒಂದು ಕಾಂಡೋರ್ ಹದ್ದು ತೇಲುತ್ತಿತ್ತು. ಹದ್ದಿನ ಬೆನ್ನು ನೋಡಿದ್ದು ಅದೇ ಮೊದಲು.

ಈ ಊರನ್ನು ಕಟ್ಟಿಸಿದ್ದು 15ನೇ ಶತಮಾನದಲ್ಲಿ, ಇಂಕಾ ದೊರೆ ಪಚಕುತಿಯ ಮಗ ತೂಪಾಕ್ ಇಂಕಾ ಕಾಲದಲ್ಲಿ ಬಹುಪಾಲು ಕೆಲಸ ನಡೆಯಿತು ಎನ್ನುತ್ತಾರೆ. ಆಮೇಲೆ ಸ್ಪೇನಿನವರು ಕುಸ್ಕೋ ಹಿಡಿದರು. ಇಂಕಾ ದೊರೆ ಮಾಂಕೊ ಇಂಕಾ ದಂಗೆ ಎದ್ದು, ಸೋತು, ಇದೇ ವಿಲ್ಕಬಂಬ ಬೆಟ್ಟಗಳೊಳಗೆ ಸರಿದ. ಅವನೂ ಅವನ ಮಕ್ಕಳೂ ಅಲ್ಲಿಂದಲೇ ಮೂವತ್ತಕ್ಕೂ ಹೆಚ್ಚು ವರ್ಷ ಕಾದಾಡಿದರು. 1572ರಲ್ಲಿ ಕೊನೆಯ ದೊರೆ ತೂಪಾಕ್ ಅಮಾರುವನ್ನು ಹಿಡಿದು ಕುಸ್ಕೋದಲ್ಲಿ ತಲೆ ಕಡಿದರು. ಚೋಕೆಕಿರಾವ್ ಕಾಡು ಪಾಲಾಯಿತು. 1834ರಲ್ಲಿ ಸಾರ್ತೀಜ್ ಎಂಬ ಫ್ರೆಂಚ್ ಮನುಷ್ಯ ಬಂದ. ಆಮೇಲೆ ನಿಧಿ ಅಗೆಯುವವರು. 1909ರಲ್ಲಿ ಹೈರಮ್ ಬಿಂಗಮ್. ಅವನು ಪುರಾತತ್ವ ತಜ್ಞನಲ್ಲ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದ. ತನಗಿಂತ ಮೊದಲು ಬಂದವರು ಇಲ್ಲಿ ಬರೆದಿಟ್ಟ ಹೆಸರುಗಳನ್ನು ಅವನು ಗುರುತು ಹಾಕಿಕೊಂಡ. ಕಲ್ಲಿನ ಮೇಲೆ ಹೆಸರು ಕೆತ್ತುವ ಚಾಳಿ ಎಲ್ಲ ದೇಶದಲ್ಲೂ ಇದೆ ಬಿಡಿ. ಇಂಕಾಗಳ ಕೊನೆಯ ರಾಜಧಾನಿ ಹುಡುಕುವ ಹುಚ್ಚು ಅವನಿಗೆ ಹತ್ತಿದ್ದು ಇಲ್ಲೇ. ಆ ಹುಚ್ಚೇ ಎರಡು ವರ್ಷದ ಮೇಲೆ ಮಚು ಪಿಚುವಿಗೆ ಕರೆದೊಯ್ದಿತು. ಹೆಸರು ಬಂದದ್ದು ಮಚು ಪಿಚುವಿಗೆ.

ಮಧ್ಯಾಹ್ನ ಬೆಟ್ಟದ ಹಿಂಬದಿಯ ಮೆಟ್ಟಿಲು ಇಳಿದು ಲಾಮಾಗಳನ್ನು, ಅಂದರೆ ಅಲ್ಲಿನ ಒಂಟೆ ಜಾತಿಯ ಸಾಕುಪ್ರಾಣಿಗಳನ್ನು, ನೋಡಲು ಹೋದೆವು. ಬದುಕಿರುವ ಲಾಮಾಗಳಲ್ಲ. ಕಡಿದಾದ ಗದ್ದೆಗಳ ಕಪ್ಪು ಗೋಡೆಯಲ್ಲಿ ಬಿಳಿ ಕಲ್ಲು ಸೇರಿಸಿ ಬಿಡಿಸಿದ ಲಾಮಾಗಳು. ಇಪ್ಪತ್ತಕ್ಕೂ ಜಾಸ್ತಿ ಇವೆ. ಎಲ್ಲವೂ ಸಾಲಾಗಿ ಬೆಟ್ಟ ಹತ್ತುತ್ತಿವೆ. ಉದ್ದ ಕತ್ತು, ಸಣ್ಣ ಕಾಲು. ಇಂಕಾ ಕಟ್ಟಡಗಳಲ್ಲಿ ಹೀಗೆ ಗೋಡೆಯಲ್ಲೇ ಚಿತ್ರ ಕೂರಿಸಿದ್ದು ಬಹಳ ಅಪರೂಪ. ಉತ್ತರ ಪೆರುವಿನ ಚಾಚಪೋಯ ಜನರನ್ನು ಕೆಲಸಕ್ಕೆ ಇಲ್ಲಿಗೆ ತಂದಿರಬೇಕು, ಇದು ಅವರ ಕೈಚಳಕ ಎಂದು ಕೆಲವು ತಜ್ಞರ ಅಂದಾಜು. ಗೆದ್ದ ನಾಡಿನ ಜನರನ್ನು ದೂರದ ಊರಿಗೆ ಸಾಗಿಸುವುದು ಇಂಕಾ ಆಡಳಿತದ ಪದ್ಧತಿಯೇ ಆಗಿತ್ತು. ಈ ಲಾಮಾಗಳು ಹೊರಜಗತ್ತಿಗೆ ಗೊತ್ತಾದದ್ದು ಈ ಶತಮಾನದಲ್ಲಿ. ಊರಿನ ಬಹುಪಾಲು ಇನ್ನೂ ಗಿಡಗಂಟಿಯ ಕೆಳಗೇ ಇದೆ.

ಆ ರಾತ್ರಿ ಮರಂಪಾತದಲ್ಲಿ ರೋಪ್‌ವೇ ಮಾತು ಬಂತು. ಕಣಿವೆಯ ಮೇಲೆ ತಂತಿ ಎಳೆದು ಕಾಲು ಗಂಟೆಯಲ್ಲಿ ಜನರನ್ನು ಈಚೆಗೆ ತರುವ ಯೋಜನೆ. ಹತ್ತು ವರ್ಷಕ್ಕೂ ಹಿಂದಿನಿಂದ ಸರ್ಕಾರ ಹೇಳುತ್ತಲೇ ಇದೆ. ನದಿಯ ಆಚೆ ದಡ ಅಪುರಿಮಾಕ್ ಪ್ರಾಂತ್ಯ, ಈಚೆ ದಡ ಕುಸ್ಕೋ ಪ್ರಾಂತ್ಯ. ಇಬ್ಬರ ಜಗ್ಗಾಟವೂ ಇದೆ. ಬರದಿದ್ದರೇ ಒಳ್ಳೆಯದು, ಜಾಗ ಹಾಳಾಗುತ್ತದೆ ಎಂದು ನಾನು ಜೋರಾಗಿಯೇ ಹೇಳಿದೆ. ಗೈಡ್ ತಲೆಯಾಡಿಸಿದ. ಅರ್ರಿಯೇರೋ ಸುಮ್ಮನಿದ್ದ. ಆಮೇಲೆ ಅಲ್ಲಿನ ಕ್ವೆಚುವಾ ಭಾಷೆಯಲ್ಲಿ ಏನೋ ಹೇಳಿದ, ಗೈಡ್ ತಿಳಿಸಿದ. "ತಂತಿ ಬಂದರೆ ನನ್ನ ಹೇಸರಗತ್ತೆಗೆ ಕೆಲಸ ಇಲ್ಲ. ಆದರೆ ಹೋದ ಮಳೆಗಾಲ ನನ್ನ ಅಕ್ಕನನ್ನು ಇದೇ ದಾರಿಯಲ್ಲಿ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದೆವು. ಎರಡು ದಿನ ಬೇಕಾಯಿತು." ನಾನು ಮುಂದೆ ವಾದ ಮಾಡಲಿಲ್ಲ. ರೋಪ್‌ವೇ ಬೇಡ ಎಂದೇ ಈಗಲೂ ಅನ್ನಿಸುತ್ತದೆ. ಆದರೆ ಅಲ್ಲಿಗೆ ಒಂದು ಆಸ್ಪತ್ರೆಯಾದರೂ ಬರಬೇಕು ಅಲ್ವಾ?

ವಾಪಸ್ ದಾರಿಯ ಬಗ್ಗೆ ಹೇಳುವುದು ಜಾಸ್ತಿ ಏನಿಲ್ಲ. ಅದೇ ಕಣಿವೆ, ಅದೇ ನೊಣ, ಕೊನೆಯಲ್ಲಿ ಕಪುಲಿಯೊಕ್ ಏರು. ಹೋಗುವ ಮನಸ್ಸಿದ್ದರೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗಿ, ಮಳೆಯಲ್ಲಿ ಈ ಬೆಟ್ಟಗಳು ಕುಸಿಯುತ್ತವೆ. ತುಂಬು ತೋಳಿನ ಅಂಗಿ ಇರಲಿ, ಮಂಡಿಗೆ ಕೋಲು ಬೇಕೇ ಬೇಕು. ದುಡ್ಡನ್ನು ಸಣ್ಣ ಸೋಲ್ ನೋಟುಗಳಲ್ಲಿ ಇಟ್ಟುಕೊಳ್ಳಿ. ಮರಂಪಾತದ ಅಂಗಡಿಯಾಕೆ ನನ್ನ ನೂರರ ನೋಟನ್ನು ತಿರುಗಿಸಿ ಮುರುಗಿಸಿ ನೋಡಿ, ಚಿಲ್ಲರೆ ಇಲ್ಲ ಎಂದು ವಾಪಸ್ ಕೊಟ್ಟಳು. ಸೋಡಾ ದುಡ್ಡು ಕೊಟ್ಟದ್ದು ನಮ್ಮ ಅರ್ರಿಯೇರೋ.