ಗ್ರಿಮ್‌ರಾಕ್ ಬೆಟ್ಟದೊಳಗೆ, ನಕ್ಷೆಯಿಲ್ಲದೆ

ಬೆಟ್ಟ ಹತ್ತಿ ಇಳಿಯುವ ಪ್ರವಾಸಗಳು ಬೇಕಾದಷ್ಟಿವೆ. ಬೆಟ್ಟದ ನೆತ್ತಿಯಲ್ಲಿ ಒಳಹೊಕ್ಕು ಬುಡದಲ್ಲಿ ಹೊರಬೀಳಬೇಕಾದ ಪ್ರವಾಸ ಮಾಡಬೇಕೆಂದರೆ ‘ಲೆಜೆಂಡ್ ಆಫ್ ಗ್ರಿಮ್‌ರಾಕ್’ ಆಟಕ್ಕೇ ಬರಬೇಕು. ನಾಲ್ವರು ಕೈದಿಗಳನ್ನು ಬೆಟ್ಟದ ತುದಿಗೆ ತಂದು ಕುಳಿಯೊಳಗೆ ತಳ್ಳುತ್ತಾರೆ. ಒಳಗೆ ಬಿದ್ದ ಕೂಡಲೇ ಅವರ ಅಪರಾಧಗಳೆಲ್ಲ ಮಾಫಿ. ನ್ಯಾಯದ ಹೆಸರಿನಲ್ಲಿ ಇಷ್ಟು ಅಗ್ಗದ ಔದಾರ್ಯ ಇನ್ನೆಲ್ಲೂ ಸಿಗಲಾರದು.

ಫಿನ್‌ಲ್ಯಾಂಡಿನ ಆಲ್‌ಮೋಸ್ಟ್ ಹ್ಯೂಮನ್ ತಂಡ 2012ರಲ್ಲಿ ಕಂಪ್ಯೂಟರಿಗೆಂದು ಮಾಡಿದ ಈ ಆಟ 2015ರಲ್ಲಿ ಐಪ್ಯಾಡ್‌ಗೆ, ಬಳಿಕ ಐಫೋನ್‌ಗೂ ಬಂತು. ಹದಿಮೂರು ಅಂತಸ್ತು ಕೆಳಗಿಳಿಯಬೇಕು. ಸಹಪ್ರಯಾಣಿಕರನ್ನು ನಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಮುಂದಿನ ಸಾಲಿಗೆ ಒಬ್ಬ ಮನುಷ್ಯ ಯೋಧ, ಗೂಳಿ ತಲೆಯ ಒಬ್ಬ ಮಿನೋಟಾರ್. ಹಿಂದಿನ ಸಾಲಿಗೆ ಚೂರಿ ಎಸೆಯುವ ಹಲ್ಲಿ ಮನುಷ್ಯ, ಮಂತ್ರ ಬಲ್ಲ ಕೀಟ ಮನುಷ್ಯ. ಮಿನೋಟಾರ್‌ನ ಹೊಡೆತ ನೋಡಿ ಸೇರಿಸಿಕೊಂಡೆ. ಅವನ ಹಸಿವು ಆಮೇಲೆ ಗೊತ್ತಾಯಿತು. ಉಳಿದವರಿಗಿಂತ ಬೇಗ ಹಸಿಯುವ ಆಸಾಮಿ, ಕೊಂದ ಬಸವನಹುಳುವಿನ ಮಾಂಸದಲ್ಲಿ ಸಿಂಹಪಾಲು ಅವನಿಗೇ ಹೋಗುತ್ತದೆ.

ಹೊರಡುವಾಗ ಒಂದು ನಿರ್ಧಾರ ಮಾಡಿದ್ದೆ. ನಡೆದಂತೆಲ್ಲ ತಾನಾಗಿ ಮೂಡುವ ನಕ್ಷೆ ಆಟದಲ್ಲಿದೆ; ಹಳೆಯ ಶೈಲಿಯ ಆಟವನ್ನು ಆರಿಸಿದರೆ ಅದು ಮಾಯವಾಗುತ್ತದೆ. ನಾನು ಅದನ್ನೇ ಆರಿಸಿದೆ. ನಕ್ಷೆ ಇದ್ದರೆ ಜನ ನಕ್ಷೆಯನ್ನೇ ನೋಡುತ್ತಾ ನಡೆಯುತ್ತಾರೆ, ಬೆಟ್ಟವನ್ನು ನೋಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಮೊಬೈಲ್ ಪಕ್ಕದಲ್ಲಿ ಒಂದು ಚೌಕುಳಿ ಹಾಳೆ, ಪೆನ್ಸಿಲ್, ರಬ್ಬರ್. ಪ್ರತಿ ಅಂತಸ್ತೂ 32 ಚೌಕ ಅಗಲ, 32 ಚೌಕ ಉದ್ದದೊಳಗೆ ಮುಗಿಯುತ್ತದೆ ಎಂದು ಗೊತ್ತಿದ್ದರೆ ಹಾಳೆಯ ಮೇಲೆ ಮೊದಲೇ ಎಲ್ಲೆ ಎಳೆದುಕೊಳ್ಳಬಹುದು.

ಇಲ್ಲಿ ನಡಿಗೆಯೆಂದರೆ ಬಾಣದ ಗುರುತಿಗೆ ಬೆರಳು ತಾಗಿಸುವುದು. ಒಂದು ತಾಗಿಗೆ ಒಂದು ಚೌಕ, ತಿರುಗಿದರೆ ನೇರ ಕಾಲು ಸುತ್ತು. 1981ರಲ್ಲಿ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಆಪಲ್ 2 ಯಂತ್ರಕ್ಕೆ ‘ವಿಝರ್ಡ್ರಿ’ ಎಂಬ ಆಟ ಮಾಡಿದಾಗಲೂ ಹೀಗೇ ಇತ್ತು. ಗೋಡೆಗಳೆಲ್ಲ ಬರಿಯ ಗೆರೆಗಳು. 1987ರ ‘ಡಂಜನ್ ಮಾಸ್ಟರ್’ ಅದೇ ನಡಿಗೆಗೆ ಓಡುವ ಕಾಲವನ್ನು ಜೋಡಿಸಿತು, ನಾವು ನಿಂತು ಯೋಚಿಸಿದರೂ ರಾಕ್ಷಸರು ನಿಲ್ಲದಂತಾಯಿತು. ಗ್ರಿಮ್‌ರಾಕ್ ಅದರ ನೇರ ವಂಶಸ್ಥ. ಅಂದಿನ ಯಂತ್ರಗಳ ಬಡತನಕ್ಕೆ ಒಗ್ಗಿದ್ದ ಈ ಹೆಜ್ಜೆ ಇಂದಿನ ಮೊಬೈಲಿಗೆ ಹೇಳಿ ಮಾಡಿಸಿದಂತಿದೆ. ಗಾಜಿನ ಮೇಲೆ ಜಾರುತ್ತಲೇ ಇರುವ ಸುಳ್ಳು ಜಾಯ್‌ಸ್ಟಿಕ್ ಹಿಡಿದು ಗೋಡೆಗೆ ಮುಖ ಉಜ್ಜುವ ಆಟಗಳಿಗಿಂತ ಇದು ಎಷ್ಟೋ ವಾಸಿ.

ಮೊದಲ ಅಂತಸ್ತಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪಂಜು ಹಿಡಿದುಕೊಳ್ಳುವುದು, ಬೀಗದ ಕೈ ಹುಡುಕುವುದು, ನೆಲದ ಒತ್ತುಗಲ್ಲಿನ ಮೇಲೆ ಏನಾದರೂ ಭಾರವಿಟ್ಟು ಬಾಗಿಲು ತೆರೆದೇ ಇರುವಂತೆ ಮಾಡುವುದು, ಇಷ್ಟೇ ಪಾಠ. ಪಂಜು ಉರಿದು ಮುಗಿಯುತ್ತದೆ ಎಂಬುದು ಮಾತ್ರ ನೆನಪಿರಲಿ. ಬೆಳಕು ಇಳಿದಂತೆ ಪರದೆಯಲ್ಲಿ ನಮ್ಮದೇ ಮುಖದ ಪ್ರತಿಬಿಂಬ ಕಾಣತೊಡಗುತ್ತದೆ; ರಾಕ್ಷಸನೆಂದು ಬೆಚ್ಚುವುದೂ ಉಂಟು.

ನನ್ನ ಹಾಳೆಗೆ ಬೆಲೆ ಬಂದದ್ದು ಇನ್ನೂ ಕೆಳಗೆ. ಒಂದು ಸಂಜೆ ಓಣಿಗಳನ್ನೆಲ್ಲ ಗುರುತಿಸಿ ನೋಡಿದರೆ, ನಡುವೆ ಉದ್ದಗಲ ಮೂರು ಚೌಕದ ಜಾಗ ಖಾಲಿ. ನಾಲ್ಕೂ ಕಡೆ ಓಣಿಯಿದೆ, ಒಳಗೆ ಮಾತ್ರ ಏನೂ ಇಲ್ಲ. ಕಲ್ಲು ಕಡಿದವರು ಅಷ್ಟು ಜಾಗವನ್ನು ಸುಮ್ಮನೆ ಬಿಟ್ಟಾರೆಯೇ? ಸುತ್ತಲಿನ ಗೋಡೆಗೆ ಮುಖಮಾಡಿ, ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿಯುತ್ತಾ ಹೋದೆ. ಪಾಚಿ, ಬಿರುಕು, ಮತ್ತೆ ಪಾಚಿ. ಮೂರನೆಯ ಬದಿಯಲ್ಲಿ, ಎರಡು ಕಲ್ಲುಗಳ ಸಂದಿನ ಬಳಿ ಒಂದು ಸಣ್ಣ ಉಬ್ಬು. ಮೊಬೈಲ್ ಪರದೆಯಲ್ಲಿ ಅದು ಅಕ್ಕಿಕಾಳಿಗಿಂತ ದೊಡ್ಡದಲ್ಲ, ಬೆರಳಿಟ್ಟರೆ ಉಗುರಿನಡಿಯೇ ಮರೆಯಾಗುತ್ತದೆ. ಒತ್ತಿದೆ. ಟಕ್ ಎಂದಿತು, ಗೋಡೆ ಕೆಳಗಿಳಿಯಿತು. ಒಳಗಿದ್ದದ್ದು ಒಂದು ಜೊತೆ ಚರ್ಮದ ಬೂಟು. ಅದನ್ನು ಅಷ್ಟು ಹೆಮ್ಮೆಯಿಂದ ಹಾಕಿಕೊಂಡವರು ಬೆಟ್ಟದಲ್ಲಿ ನನ್ನ ಹಲ್ಲಿ ಮನುಷ್ಯನೊಬ್ಬನೇ ಇರಬೇಕು.

ಇಲ್ಲಿ ನಮಗಿಂತ ಮುಂಚೆ ನಡೆದುಹೋದವನೊಬ್ಬನಿದ್ದಾನೆ, ಟೂರಮ್ ಎಂದು ಹೆಸರು. ಅವನ ಚೀಟಿಗಳು ಅಲ್ಲಲ್ಲಿ ಸಿಗುತ್ತವೆ. ಸುಳಿವಿಗಿಂತ ಸಾಂತ್ವನವೇ ಹೆಚ್ಚು. ಈ ಓಣಿಯಲ್ಲಿ ಬೇರೊಬ್ಬರೂ ದಾರಿ ತಪ್ಪಿದ್ದರಲ್ಲ ಎಂಬ ಸಮಾಧಾನ.

ಜಗಳದ ವಿದ್ಯೆಯೂ ಇಲ್ಲಿ ನಡಿಗೆಯ ವಿದ್ಯೆಯೇ. ಅಸ್ಥಿಪಂಜರದ ಯೋಧನೊಬ್ಬ ಎದುರಾದರೆ ಓಣಿಯಲ್ಲಿ ನಿಂತು ಹೊಡೆದಾಡಬಾರದು, ಎರಡಕ್ಕೆರಡು ಚೌಕದಷ್ಟಾದರೂ ಬಯಲು ಹುಡುಕಬೇಕು. ಅವನ ಪಕ್ಕಕ್ಕೆ ಸರಿ, ತಿರುಗು, ಹೊಡೆ; ಅವನು ನಮ್ಮತ್ತ ತಿರುಗುವಷ್ಟರಲ್ಲಿ ಮತ್ತೆ ಸರಿ. ಒಂದು ಹೆಬ್ಬೆರಳು ಬಾಣಗಳ ಮೇಲೆ, ಇನ್ನೊಂದು ಆಯುಧಗಳ ಮೇಲೆ ಇದ್ದರೆ ಈ ಕುಣಿತ ಸಲೀಸು. ಮಂತ್ರವಾದಿಯ ಕೆಲಸ ಮಾತ್ರ ಕಷ್ಟ. ಒಂಬತ್ತು ಮಂತ್ರಾಕ್ಷರಗಳ ಚೌಕದಲ್ಲಿ ಬೇಕಾದ್ದನ್ನು ಆರಿಸಿ ಆಮೇಲೆ ಪ್ರಯೋಗಿಸಬೇಕು. ಬೆಂಕಿಗೆ ಒಂದೇ ಅಕ್ಷರ ಸಾಕು, ಆದ್ದರಿಂದ ನನ್ನ ಕೀಟ ಮಹಾಶಯ ಬಹುಕಾಲ ಬೆಂಕಿಯ ಪಂಡಿತನಾಗಿಯೇ ಉಳಿದ. ಎಲ್ಲರೂ ಸುಸ್ತಾದಾಗ ನೀಲಿ ಹರಳಿನ ಬಳಿ ಹೋಗಿ ಮುಟ್ಟಿದರೆ ಸತ್ತವರೂ ಎದ್ದು ನಿಲ್ಲುತ್ತಾರೆ.

ನೆಲದ ಗುಂಡಿಗಳಿಗೆ ಮೊದಮೊದಲು ಹೆದರುತ್ತಿದ್ದೆ. ಬಿದ್ದರೆ ಪೆಟ್ಟಾಗುತ್ತದೆ, ಕೆಳಗಿನ ಅಂತಸ್ತಿನಲ್ಲಿ ಎಲ್ಲೋ ಇರುತ್ತೇವೆ. ಆದರೆ ಕೆಲವು ಕೋಣೆಗಳಿಗೆ ಬಾಗಿಲೇ ಇಲ್ಲ, ಮೇಲಿನಿಂದ ಬೀಳುವುದೇ ದಾರಿ. ಎರಡು ಅಂತಸ್ತಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಯಾವ ಗುಂಡಿಯ ಕೆಳಗೆ ಯಾವ ಖಾಲಿ ಜಾಗವಿದೆ ಎಂದು ಕಾಣುತ್ತದೆ. ತಾನಾಗಿ ಮೂಡುವ ನಕ್ಷೆಯಿದ್ದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ. ಹಾಗೆ ಲೆಕ್ಕ ಹಾಕಿ, ಆಟವನ್ನು ಸೇವ್ ಮಾಡಿ, ಬೇಕೆಂದೇ ಒಂದು ಗುಂಡಿಗೆ ಕಾಲಿಟ್ಟೆ. ಲೆಕ್ಕ ಸರಿಯಾಗಿತ್ತು, ಕೋಣೆ ಅಲ್ಲೇ ಇತ್ತು. ಅದರಲ್ಲೊಂದು ವಿಷದ ಜೇಡವೂ ಇತ್ತು.