ಹಬ್ಬದ ಮೂರನೆಯ ದಿನ

9 ಜೂನ್ 2025, ಸೋಮವಾರ
ಹಳೇ ಹುಬ್ಬಳ್ಳಿ

ಒಮ್ಮೆ ಬೇಯಿಸಿದ ಮಾಂಸವನ್ನು ಹೊತ್ತು ಹೊತ್ತಿಗೂ ಕುದಿಸಿ ಬಡಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಕ್ರೀದ್ ಆದ ಮೇಲೆ ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ನಡೆಯುವುದು ಅದೇ. ಶನಿವಾರದ ಸಾರು ಭಾನುವಾರ ಕುದಿಯುತ್ತದೆ, ಸೋಮವಾರ ಮತ್ತೆ ಕುದಿಯುತ್ತದೆ. ತುಂಡುಗಳು ನಾರಾಗುತ್ತವೆ, ಮಸಾಲೆಯ ಘಮ ಹಾರಿಹೋಗುತ್ತದೆ, ಮಕ್ಕಳು ‘ಇವತ್ತೂ ಅದೇನಾ’ ಎಂದು ತಟ್ಟೆ ಸರಿಸುತ್ತಾರೆ. ಕುರ್ಬಾನಿಯ ಮಾಂಸ ಹಾಗೆ ತಟ್ಟೆಯಲ್ಲಿ ಉಳಿಯಬಾರದು. ಉಳಿದ ಅಡುಗೆಯನ್ನು ಮತ್ತೆ ಬಿಸಿ ಮಾಡುವುದು ಬೇರೆ, ಅದರಿಂದ ಹೊಸದೊಂದು ಅಡುಗೆ ಮಾಡುವುದು ಬೇರೆ. ನಾನು ಎರಡನೆಯದರ ಪರ.

ಈ ಸಲವೂ ನಮ್ಮ ಮನೆಯವರು ಕೋಣದಲ್ಲಿ ಪಾಲು ಹಾಕಿದ್ದರು. ಒಂದು ಕೋಣಕ್ಕೆ ಏಳು ಜನರವರೆಗೆ ಸೇರಬಹುದು. ನಮ್ಮ ಪಾಲಿನಲ್ಲಿ ಬಡವರಿಗೆ ಒಂದು ಭಾಗ, ನೆಂಟರಿಗೆ, ಗೆಳೆಯರಿಗೆ ಒಂದು ಭಾಗ ಹೋಯಿತು. ಉಳಿದದ್ದು ನಮಗೆ. ಅದರ ಮೇಲೆ ನೆಂಟರ ಮನೆಗಳಿಂದ ಬೇಯಿಸಿದ್ದು ಡಬ್ಬಿ ಡಬ್ಬಿಯಾಗಿ ಬಂತು.

2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದಾಗಿನಿಂದ ನಮ್ಮ ರಾಜ್ಯದಲ್ಲಿ ದನ, ಎಮ್ಮೆಗಳ ಪೈಕಿ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನಷ್ಟೇ ಕಡಿಯಲು ಅವಕಾಶ. ಹೀಗಾಗಿ ನಮ್ಮ ಒಲೆಗೆ ಬರುವುದು ವಯಸ್ಸಾದ, ದುಡಿದ ಪ್ರಾಣಿಯ ಮಾಂಸ. ಅದು ಬೇಗ ಬೇಯುವುದಿಲ್ಲ. ಸ್ನಾಯುಗಳನ್ನು ಬಿಗಿದು ಹಿಡಿದಿರುವ ಕೊಲಾಜೆನ್ ವಯಸ್ಸಾದಂತೆ ಗಟ್ಟಿಯಾಗಿರುತ್ತದೆ. ಕುಕ್ಕರಿನಲ್ಲಿ ಸೀಟಿಯ ಮೇಲೆ ಸೀಟಿ ಕೂಗಿಸಿದರೂ ಸಾಲದು, ಆಮೇಲೆ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಬಿಡಬೇಕು. ಆದರೆ ಅದೇ ಕೊಲಾಜೆನ್ ಕರಗಿ ಜೆಲಟಿನ್ ಆಗಿ ಸಾರಿಗೆ ಇಳಿಯುತ್ತದೆ. ಎಳೆಯ ಮಾಂಸ ಹಬ್ಬದ ದಿನವೇ ರುಚಿ ಕೊಟ್ಟು ಮುಗಿಯುತ್ತದೆ. ಬಲಿತ ಮಾಂಸದ ನಿಜವಾದ ರುಚಿ ಮರುದಿನ ಶುರುವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇವತ್ತು ಬೆಳಿಗ್ಗೆ ಸ್ಟೀಲ್ ಡಬ್ಬಿಯ ಮುಚ್ಚಳ ತೆರೆದೆ. ಮೇಲೆ ಕೊಬ್ಬು ಬಿಲ್ಲೆಯಾಗಿ ಹೆಪ್ಪುಗಟ್ಟಿತ್ತು. ಎಮ್ಮೆಯ ಕೊಬ್ಬು ಹುಟ್ಟಾ ಬಿಳಿ, ಹಸುವಿನ ಕೊಬ್ಬಿನಂತೆ ಹಳದಿಯಲ್ಲ. ಆದರೆ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಣ್ಣೆ, ಕೊಬ್ಬಿನಲ್ಲೇ ಬಿಡುವುದರಿಂದ ಬಿಲ್ಲೆಯೆಲ್ಲ ಕುಂಕುಮದಂತೆ ಕೆಂಪಾಗಿತ್ತು. ಚಮಚದ ತುದಿಯಿಂದ ಅಂಚು ಬಿಡಿಸಿದರೆ ಅಖಂಡವಾಗಿ ಎದ್ದು ಬಂತು. ಅದರ ಕೆಳಗೆ ಕಂದು ಬಣ್ಣದ ಸಾರು ನಡುಗುತ್ತ ಗಟ್ಟಿಯಾಗಿ ನಿಂತಿತ್ತು, ಡಬ್ಬಿ ಓರೆ ಮಾಡಿದರೂ ಹರಿಯಲಿಲ್ಲ. ಅದರೊಳಗೆ ಹುದುಗಿದ ತುಂಡುಗಳು. ನನಗೆ ಇದು ಒಂದು ಪದಾರ್ಥವಲ್ಲ, ಮೂರು. ಕೊಬ್ಬು ಒಗ್ಗರಣೆಗೆ, ಗಟ್ಟಿ ಸಾರು ಬೇಳೆಗೆ, ಮಾಂಸ ಪಲ್ಯ, ಕಬಾಬುಗಳಿಗೆ. ಮೂರನ್ನೂ ಬೇರೆ ಬೇರೆ ಬಟ್ಟಲಿಗೆ ಹಾಕಿಕೊಂಡ ಮೇಲೆಯೇ ಒಲೆ ಹಚ್ಚಿದ್ದು.

ಮಧ್ಯಾಹ್ನಕ್ಕೆ ಪುಂಡಿ ಎಂಬ ಹುಳಿ ಸೊಪ್ಪಿನ ಪಲ್ಯ. ಮಾಂಸ ಹಾಕಿದ ಪುಂಡಿಗೆ ನಮ್ಮ ಮನೆಮಾತಿನಲ್ಲಿ ಅಂಬಾಡೆ ಗೋಷ್ತ್ ಎನ್ನುತ್ತೇವೆ, ಹಸಿ ಮಾಂಸದಿಂದಲೇ ಮಾಡುವ ಅಡುಗೆ ಅದು. ಉಳಿದ ಮಾಂಸದಿಂದ ಮಾಡುವಾಗ ಕ್ರಮ ತಿರುಗಿಸಬೇಕು. ಸೊಪ್ಪನ್ನು ಮೊದಲು ಜೋಳದ ನುಚ್ಚಿನ ಜೊತೆ ಪೂರ್ತಿ ಬೇಯಿಸಿ ಮಸೆದೆ. ತೆಗೆದಿಟ್ಟ ಕೆಂಪು ಕೊಬ್ಬನ್ನು ಬಾಣಲೆಯಲ್ಲಿ ಕರಗಿಸಿ, ಸಿಪ್ಪೆ ಸಹಿತ ಜಜ್ಜಿದ ಜವಾರಿ ಬೆಳ್ಳುಳ್ಳಿಯನ್ನು ಅದರಲ್ಲೇ ಹೊಂಬಣ್ಣಕ್ಕೆ ಹುರಿದೆ. ಸೊಪ್ಪು ಹಾಕಿ ಕುದಿ ಬಂದ ಮೇಲೆ ಕೊನೆಯಲ್ಲಿ ಮಾಂಸ. ಬೆಂದ ಮಾಂಸವನ್ನು ಇನ್ನೊಮ್ಮೆ ಬೇಯಿಸುವ ಅಗತ್ಯವಿಲ್ಲ, ಒಳಗಿನವರೆಗೆ ಹಬೆಯಾಡುವಷ್ಟು ಬಿಸಿಯಾದರೆ ಸಾಕು. ಪುಂಡಿಯ ಹುಳಿ ಕೊಬ್ಬಿನ ಜಿಡ್ಡನ್ನು ಎಷ್ಟು ಚೆನ್ನಾಗಿ ಕತ್ತರಿಸುತ್ತದೆ ಎಂದರೆ, ಹಬ್ಬದ ಊಟದಿಂದ ಬಾಯಿ ಕಟ್ಟಿಹೋಗಿದ್ದ ನಮ್ಮ ಅತ್ತೆ ಇನ್ನೊಂದು ರೊಟ್ಟಿ ಕೇಳಿದರು.

ಸಂಜೆ ಮಕ್ಕಳಿಗೆ ಮುಟಗಿ. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಉಪ್ಪು, ಮೆಣಸಿನಕಾಯಿ ಹಾಕಿ ಒರಳಿನಲ್ಲಿ ಕುಟ್ಟಿ ಉಂಡೆ ಕಟ್ಟುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಉಂಟು. ಅದಕ್ಕೆ ಮಾಂಸ ಸೇರಿಸಿದ್ದು ನನ್ನದೇ ಯೋಚನೆ. ತುಂಡುಗಳನ್ನು ಎಳೆಯ ಗುಂಟ ಬೆರಳಿನಲ್ಲೇ ಬಿಡಿಸಿ, ರೊಟ್ಟಿ ಬೇಯಿಸಿದ ಹೆಂಚಿನ ಮೇಲೆ ಹರಡಿ, ಅಂಚು ಗರಿಗರಿಯಾಗುವವರೆಗೆ ಹುರಿಯಬೇಕು. ಮಸಾಲೆ ಏನೂ ಬೇಡ, ಮಾಂಸದಲ್ಲೇ ಇದೆ. ಹೆಂಚಿನಿಂದ ತೆಗೆದದ್ದನ್ನು ನೇರ ಒರಳಿಗೆ ಹಾಕಿ ರೊಟ್ಟಿಯ ಜೊತೆ ಕುಟ್ಟಬೇಕು. ರೊಟ್ಟಿ ತಣಿದಿದ್ದರೆ ಉಂಡೆ ಕೂಡುವುದಿಲ್ಲ. ಹುರಿದ ಎಳೆಗಳಲ್ಲಿ ಸ್ವಲ್ಪ ಮಿಕ್ಕರೆ ಒಗ್ಗರಣೆ ಮಂಡಕ್ಕಿಯ ಮೇಲೆ ಉದುರಿಸಿ, ಹಸಿ ಈರುಳ್ಳಿಯ ಜೊತೆ ತಿನ್ನಿ.

ಶಾಮಿ ಕಬಾಬಿಗೂ ಇದೇ ಮಾಂಸ ಒದಗುತ್ತದೆ. ಕಡಲೆಬೇಳೆಯನ್ನು ಬೇರೆಯಾಗಿ ನೀರಿಲ್ಲದ ಹಾಗೆ ಬೇಯಿಸಿ, ರುಬ್ಬುವ ಕಲ್ಲಿನಲ್ಲಿ ಮಾಂಸದ ಜೊತೆ ಅರೆಯಬೇಕು. ಮಿಕ್ಸಿಗೆ ಹಾಕಿದರೆ ಎಳೆಗಳೆಲ್ಲ ಸತ್ತು ಹಿಟ್ಟಾಗುತ್ತದೆ. ಅರೆದದ್ದು ತೇವವಾದರೆ ಒಂದಿಷ್ಟು ಪುಟಾಣಿ ಪುಡಿ. ಇನ್ನು ಉಳಿದ ಮಾಂಸವನ್ನು ಅಕ್ಕಿಯೊಳಗೆ ಹುದುಗಿಸಿ ಬಿರಿಯಾನಿ ಎಂದು ದಮ್ ಕೊಡುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬಿರಿಯಾನಿಯಲ್ಲಿ ಮಾಂಸದ ರಸ ಅಕ್ಕಿಗೆ ಹೋಗಬೇಕು. ಈ ಮಾಂಸ ತನ್ನ ರಸವನ್ನು ಮೊನ್ನೆಯೇ ಸಾರಿಗೆ ಕೊಟ್ಟಾಗಿದೆ.

ಫ್ರಿಜ್ಜಿನಲ್ಲಿಟ್ಟ ಮಾಂಸಕ್ಕೆ ಒಂದು ಬಗೆಯ ಹಳಸಲು ವಾಸನೆ ಏಕೆ ಬರುತ್ತದೆ ಎಂದು ಕೆಳಗಿನ ಮನೆಯ ಹುಡುಗಿ ನಿನ್ನೆ ಕೇಳಿದಳು. ಕೆಟ್ಟದ್ದರ ವಾಸನೆಯಲ್ಲ ಅದು. ಬೆಂದ ಮಾಂಸದಿಂದ ಬಿಡುಗಡೆಯಾದ ಕಬ್ಬಿಣದ ಅಂಶ ಮತ್ತು ಗಾಳಿ ಸೇರಿ ಕೊಬ್ಬನ್ನು ಮಾರ್ಪಡಿಸುವುದರಿಂದ ಬರುವಂಥದ್ದು. ತುಂಡುಗಳನ್ನು ಒಣದಾಗಿ ಇಡದೆ ಸಾರಿನಲ್ಲಿ ಮುಳುಗಿಸಿಟ್ಟರೆ ಗಾಳಿ ತಾಕುವುದಿಲ್ಲ, ವಾಸನೆಯೂ ಕಡಿಮೆ.

ಅವಳಿಗೆ ಇನ್ನೊಂದು ಮಾತನ್ನೂ ಒತ್ತಿ ಹೇಳಿದೆ, ಇಲ್ಲೂ ಬರೆಯುತ್ತೇನೆ. ದೊಡ್ಡ ಪಾತೇಲಿಯನ್ನು ಮುಚ್ಚಿ ರಾತ್ರಿಯಿಡೀ ಒಲೆಯ ಮೇಲೆಯೇ ಬಿಟ್ಟು, ಬೆಳಿಗ್ಗೆ ಒಂದು ಕುದಿ ಬರಿಸಿದರೆ ಸಾಕು ಎಂಬ ನಂಬಿಕೆ ಅಪಾಯಕಾರಿ. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಸಾರು ನಿಧಾನವಾಗಿ ಆರುವ ಗಂಟೆಗಳಲ್ಲಿ ಅವು ಮೊಳೆತು ಹೆಚ್ಚುತ್ತವೆ, ಕೆಲವು ಬಿಡುವ ವಿಷ ಮರುದಿನದ ಕುದಿಗೂ ಹೋಗುವುದಿಲ್ಲ. ಬೇಯಿಸಿದ 2 ಗಂಟೆಯೊಳಗೆ ಅಗಲವಾದ, ಆಳವಿಲ್ಲದ ಪಾತ್ರೆಗಳಿಗೆ ಹಂಚಿ ಫ್ರಿಜ್ಜಿಗೆ ಇಡಬೇಕು. 3–4 ದಿನಗಳಲ್ಲಿ ಮುಗಿಸಬೇಕು. ಆ ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಬಿಸಿ ಮಾಡಬೇಕು, ಉಳಿದದ್ದನ್ನು ಮುಟ್ಟಬಾರದು. ಅಷ್ಟರಲ್ಲಿ ತೀರದು ಎನಿಸಿದರೆ ಮೊದಲ ದಿನವೇ ಫ್ರೀಜರಿಗೆ ಹಾಕಿ, 2–3 ತಿಂಗಳು ರುಚಿ ಕೆಡದೆ ಉಳಿಯುತ್ತದೆ. ನಮ್ಮ ಮನೆಗೆ ಬಂದ ಡಬ್ಬಿಗಳಲ್ಲಿ ಎರಡನ್ನು ನಾನು ಶನಿವಾರ ರಾತ್ರಿಯೇ ಹಾಗೆ ಎತ್ತಿಟ್ಟೆ.

ಗಟ್ಟಿ ಸಾರು ಮಾತ್ರ ಇನ್ನೂ ಹಾಗೇ ಇದೆ. ನಾಳೆ ಅದರಲ್ಲಿ ದಾಲ್ಚಾ ಮಾಡುತ್ತೇನೆ, ಮೂಳೆಯ ತುಂಡುಗಳನ್ನೂ ಅದಕ್ಕೇ ಉಳಿಸಿದ್ದೇನೆ. ಕಡಲೆಬೇಳೆ, ಹುಣಸೆಹಣ್ಣು ಮನೆಯಲ್ಲಿವೆ. ಸೋರೆಕಾಯಿಗೆ ಬೆಳಿಗ್ಗೆ ದುರ್ಗದ ಬೈಲಿನ ಮಾರುಕಟ್ಟೆಗೆ ಹೋಗಬೇಕು, ಉಗುರು ಇಳಿಯುವಷ್ಟು ಎಳೆಯದೇ ಬೇಕು.