ಅಪ್ರದಕ್ಷಿಣೆ

ಆಂಕೋರ್ ವಾಟ್‌ನ ಶಿಲ್ಪಗಳಿರುವ ಮೊಗಸಾಲೆಗೆ ಬಂದಾಗ ಗೈಡ್ ಬಲಕ್ಕೆ ತಿರುಗಿದ. ಅಮ್ಮ ಎಡಕ್ಕೆ ತಿರುಗಿದಳು.

"ಈ ಕಡೆ ಬರ್ಬೇಕಂತೆ ಅಮ್ಮ" ಅಂದೆ.

"ಅದು ಅಪ್ರದಕ್ಷಿಣೆ ಆಗುತ್ತಲ್ಲೇ. ದೇವರನ್ನ ಎಡಕ್ಕೆ ಬಿಟ್ಕೊಂಡು ಯಾರಾದ್ರೂ ಸುತ್ತುತ್ತಾರಾ?"

ಅಮ್ಮನ ತವರು ಬೇಲೂರಿಗೆ ಹತ್ತಿರದ ಹಳ್ಳಿ. ಚೆನ್ನಕೇಶವನ ಜಗಲಿಯ ಮೇಲೆ ಅವಳು ಹಾಕಿದ ಪ್ರದಕ್ಷಿಣೆಗೆ ಲೆಕ್ಕವಿಲ್ಲ. ಹರಕೆಗೆ ಹಾಕಿದ್ದಾಳೆ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಾಕಿದ್ದಾಳೆ, ಅಪ್ಪನ ಬಿ.ಪಿ. ಏರಿದ ವರ್ಷ ನಲವತ್ತೆಂಟು ದಿನ ಹಾಕಿದ್ದಾಳೆ. ಅವಳ ಕಾಲಿಗೆ ಆ ದಿಕ್ಕು ಗೊತ್ತು. ಎಲ್ಲೇ ದೇವಸ್ಥಾನ ಕಂಡರೂ ದೇವರು ಬಲಕ್ಕೆ ಬರುವಂತೆ ತಾನಾಗಿ ತಿರುಗುತ್ತದೆ.

ನಾವು ಕಾಂಬೋಡಿಯಾಕ್ಕೆ ಹೋದದ್ದು 2019ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಆ ಎರಡು ವರ್ಷ ಅಮ್ಮ ಊರು ಬಿಟ್ಟು ಎಲ್ಲಿಗೂ ಹೊರಟಿರಲಿಲ್ಲ. ಮದುವೆ ಮನೆಗಳಿಗೂ ಹೋಗಲಿಲ್ಲ. ನನಗೆ ಆಫೀಸಿನಲ್ಲಿ ಒಂದು ವಾರ ರಜೆ ಸಿಕ್ಕಿತ್ತು. "ಬೇಲೂರು ಕಟ್ಟಿದ ಕಾಲದಲ್ಲೇ ದೂರದಲ್ಲಿ ಇನ್ನೊಂದು ವಿಷ್ಣು ದೇವಸ್ಥಾನ ಕಟ್ಟಿದ್ದಾರಂತೆ, ನೋಡ್ಕೊಂಡು ಬರೋಣ ಬಾ" ಅಂದೆ. ಅದು ನಿಜವೇ. ವಿಷ್ಣುವರ್ಧನ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಖ್ಮೇರ್ ದೊರೆ ಎರಡನೆಯ ಸೂರ್ಯವರ್ಮ ಆಂಕೋರ್ ವಾಟ್ ಕಟ್ಟಿಸಿದ್ದೂ ಆ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲೇ. ಇಲ್ಲಿ ಬಳಪದ ಕಲ್ಲಿನ ಮೇಲೆ ಉಳಿ ಆಡುತ್ತಿದ್ದಾಗ ಅಲ್ಲಿ ಮರಳುಗಲ್ಲಿನ ಮೇಲೆ ಆಡುತ್ತಿತ್ತು. ಇಬ್ಬರು ದೊರೆಗಳಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿದ್ದಂತೆ ಕಾಣದು. ಆದರೆ ದೇವರು ಒಬ್ಬನೇ.

ಸೂರ್ಯೋದಯ ನೋಡಲೆಂದು ಬೆಳಗಿನ ಐದಕ್ಕೇ ಹೋಗಿ ಕೊಳದ ದಂಡೆಯಲ್ಲಿ ನೂರಾರು ಜನರ ನಡುವೆ ನಿಂತಿದ್ದೆವು. ಗೋಪುರಗಳ ಹಿಂದೆ ಕೆಂಪು ಮೂಡಿತು, ಎಲ್ಲರೂ ಫೋಟೊ ತೆಗೆದರು, ನಾವೂ ತೆಗೆದೆವು. ಅದಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಅದಕ್ಕೂ ಮೊದಲಿನದು. 190 ಮೀಟರ್ ಅಗಲದ ಕಂದಕ ದಾಟಿ ಹೊರಬಾಗಿಲಿಗೆ ಬಂದಾಗ ಕತ್ತಲಲ್ಲಿ ಊದುಬತ್ತಿಯ ವಾಸನೆ ಬಂತು. ಒಳಗೆ ಆಳೆತ್ತರಕ್ಕೂ ಮೀರಿದ, ಎಂಟು ಕೈಗಳ ವಿಷ್ಣು. ಅಲ್ಲಿಯವರು ಅವನನ್ನು 'ತಾ ರೀಚ್' ಅನ್ನುತ್ತಾರೆ. ಮೈಮೇಲೆ ಬೌದ್ಧ ಭಿಕ್ಷುಗಳ ಬಣ್ಣದ ಅರಿಶಿನಕಾವಿ ಬಟ್ಟೆ ಹೊದಿಸಿದ್ದರು. ಮುಂದೆ ಬಾಳೆಹಣ್ಣು, ತಾವರೆ ಮೊಗ್ಗು. ಊರ ಹೆಂಗಸೊಬ್ಬಳು ಮಂಡಿಯೂರಿ ಕೈ ಮುಗಿಯುತ್ತಿದ್ದಳು. ಅಮ್ಮ ಅವಳ ಪಕ್ಕದಲ್ಲೇ ಸೆರಗು ಸರಿಮಾಡಿಕೊಂಡು ನಮಸ್ಕಾರ ಮಾಡಿದಳು. ಆ ಹೆಂಗಸು ತನ್ನ ಕೈಲಿದ್ದ ಊದುಬತ್ತಿಗಳಲ್ಲಿ ಮೂರನ್ನು ಅಮ್ಮನಿಗೆ ಕೊಟ್ಟಳು. ಇಬ್ಬರೂ ಒಂದು ಮಾತೂ ಆಡಲಿಲ್ಲ.

ಈಗ ಮೊಗಸಾಲೆಯಲ್ಲಿ ಅಮ್ಮ ಹೆಜ್ಜೆ ಮುಂದಿಡದೆ ನಿಂತಿದ್ದಳು. ಗೈಡ್ ಇಪ್ಪತ್ತೈದು ದಾಟದ ಹುಡುಗ. ಬೆಳಗಿನಿಂದಲೂ ಅಮ್ಮನನ್ನು 'ಯಾಯ್' ಅನ್ನುತ್ತಿದ್ದ, ಅವರ ಭಾಷೆಯಲ್ಲಿ ಅಜ್ಜಿ ಅಂತ. ಅವನಿಗೆ ಅಮ್ಮನ ಪ್ರಶ್ನೆ ಹೇಳಿದೆ. ಅವನು ನಗಲಿಲ್ಲ. ತುಂಬ ಮರ್ಯಾದೆಯಿಂದ ವಿವರಿಸಿದ: ಖ್ಮೇರ್ ದೇವಸ್ಥಾನಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ, ಇದು ಪಶ್ಚಿಮಕ್ಕೆ. ಇಲ್ಲಿನ ಗೋಡೆಯ ಶಿಲ್ಪಗಳ ಸಾಲೂ ಎಡಸುತ್ತಿನಲ್ಲೇ ಸಾಗುತ್ತದೆ. ಅದಕ್ಕೇ ಹಲವು ವಿದ್ವಾಂಸರು ಇದನ್ನು ರಾಜ ತನ್ನ ಸಾವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿಸಿದ್ದು ಅನ್ನುತ್ತಾರೆ. ಸತ್ತ ಮೇಲೆ ರಾಜನಿಗೆ ಇಟ್ಟ ಹೆಸರೇ ಪರಮವಿಷ್ಣುಲೋಕ. ಆ ಹೆಸರು ಇಲ್ಲಿನ ಗೋಡೆಯಲ್ಲೂ ಇದೆ.

ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. 'ಸಾವು' ಅನ್ನುವ ಮಾತು ಬಂದಾಗ ಅಮ್ಮ ನನ್ನ ಮುಖ ನೋಡಿದಳು.

"ಸತ್ತವರಿಗೆ ಸುತ್ತೋ ಸುತ್ತಾ ಇದು?"

"ಹಾಗಂತಾರೆ."

"ನಿಮ್ಮಣ್ಣ ಅವತ್ತು ಎಷ್ಟು ಸುತ್ತು ಬಂದ?"

ಅವತ್ತು ಅಂದರೆ ಯಾವತ್ತು ಅಂತ ಕೇಳಬೇಕಾಗಿರಲಿಲ್ಲ. ತೋಟದ ಮೂಲೆಯಲ್ಲಿ ಚಿತೆ. ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಅಣ್ಣ ಎಡಕ್ಕೆ ಸುತ್ತಿದ. ಒಂದೊಂದು ಸುತ್ತಿಗೂ ಮಡಕೆಗೆ ಒಂದೊಂದು ತೂತು. ಮೂರು ಸುತ್ತು ಅಂತ ನನಗೆ ಗೊತ್ತು, ಆದರೆ ನಾನು ನೋಡಿದ್ದಲ್ಲ. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅಂಗಳದ ಗೇಟಿನವರೆಗೆ ಬಂದ ಅಮ್ಮನನ್ನು ಹಿಡಿದು ಒಳಗೆ ಕರೆದುಕೊಂಡು ಬಂದಿದ್ದರು. ನಾನೂ ಹಿಡಿದವರಲ್ಲಿ ಒಬ್ಬಳು.

"ಮೂರು" ಅಂದೆ.

ಅಮ್ಮ ಮಾತಾಡಲಿಲ್ಲ. ಕೈಚೀಲವನ್ನು ನನ್ನ ಕೈಗೆ ಕೊಟ್ಟು ಬಲಕ್ಕೆ ತಿರುಗಿದಳು. ದೇವರನ್ನು ಎಡಕ್ಕೆ ಬಿಟ್ಟುಕೊಂಡು ನಡೆಯತೊಡಗಿದಳು.

ಮೊದಲು ಸಿಗುವುದೇ ಕುರುಕ್ಷೇತ್ರ. ಸುಮಾರು ಐವತ್ತು ಮೀಟರ್ ಉದ್ದದ ಗೋಡೆಯ ತುಂಬ ಯುದ್ಧ. ಎಡದಿಂದ ಕೌರವರು, ಬಲದಿಂದ ಪಾಂಡವರು, ನಡುವೆ ಕಾಲಿಡಲೂ ಜಾಗವಿಲ್ಲದ ಕಾಳಗ. ಜನರ ಕೈ ತಾಕಿ ತಾಕಿ ಕೆಲವು ಕಡೆ ಕಲ್ಲು ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಮಿನುಗುತ್ತದೆ. ಈಗ ಕಟಕಟೆ ಇದೆ, ಮುಟ್ಟುವಂತಿಲ್ಲ. ಗೈಡ್ ಬಾಯಿ ತೆರೆಯುವ ಮೊದಲೇ ಅಮ್ಮ ಮೇಲೆ ಬೆರಳು ಮಾಡಿ ತೋರಿಸಿದಳು.

"ನೋಡು, ಅಜ್ಜ ಮಲಗಿದ್ದಾರೆ."

ಬಾಣದ ಮಂಚದ ಮೇಲೆ ಭೀಷ್ಮ. ಸುತ್ತ ಮುಖ ಬಾಡಿದವರು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅವಳ ಅಪ್ಪ ಶ್ರಾವಣದಲ್ಲಿ ರಾತ್ರಿ ಲಾಟೀನಿನ ಬೆಳಕಿನಲ್ಲಿ ಭಾರತ ಓದಿಸುತ್ತಿದ್ದರು. ಊರಿಗೆ ಊರೇ ನಮ್ಮಜ್ಜನ ಪಡಸಾಲೆಯಲ್ಲಿ ಕೂರುತ್ತಿತ್ತಂತೆ. ಅಲ್ಲಿ ಕೇಳಿದ್ದು ಅವಳಿಗೆ ಇಲ್ಲಿ ಕಣ್ಣಿಗೆ ಕಂಡಿತು. ರಥ ಹೊಡೆಯುವವನಿಗೆ ನಾಲ್ಕು ಕೈ ಇರುವುದನ್ನು ತೋರಿಸಿ "ಅರ್ಜುನನ ರಥ ಇದೇ" ಅಂದಳು. ಜಡೆ ಸುತ್ತಿ ಕಟ್ಟಿದವನನ್ನು ತೋರಿಸಿ "ದ್ರೋಣಾಚಾರ್ಯರು" ಅಂದಳು. ಗೈಡ್ ತಲೆಯಾಡಿಸುತ್ತಾ ನಿಂತ. ಅವನು ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡವನು. ಅವನು ಕಲಿತಿದ್ದೂ ಇವಳು ಕೇಳಿದ್ದೂ ಆ ಗೋಡೆಯ ಮುಂದೆ ಒಂದಾಯಿತು.

ಮತ್ತೆ ಭೀಷ್ಮನ ಹತ್ತಿರ ವಾಪಸ್ ಬಂದಳು. ಅಲ್ಲಿ ಎಷ್ಟು ಹೊತ್ತು ನಿಂತೆವೋ. ಗುಂಪುಗಳು ಬಂದವು, ಹೋದವು.

"ಇವರಿಗೆ ಯಾವಾಗ ಬೇಕೋ ಆವಾಗ ಹೋಗೋ ವರ ಇತ್ತು. ಉತ್ತರಾಯಣ ಬರ್ಲಿ ಅಂತ ಕಾದ್ರು. ಎಲ್ಲರಿಗೂ ಎಲ್ಲಾ ಹೇಳಿ ಹೋದ್ರು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪ ಬೆಳಿಗ್ಗೆ ಕಾಫಿ ಕುಡಿದು ಲೋಟ ಅಲ್ಲೇ ಬಿಟ್ಟು ಹೋದ್ರು."

ನಾನು ಅಪ್ಪನ ಬಗ್ಗೆ ಅವಳ ಬಾಯಿಂದ ಅಷ್ಟು ಮಾತು ಕೇಳಿ ಎರಡು ವರ್ಷವಾಗಿತ್ತು.

ದಕ್ಷಿಣದ ಗೋಡೆಯ ಮೊದಲರ್ಧದಲ್ಲಿ ಸೂರ್ಯವರ್ಮನೇ ಇದ್ದಾನೆ, ಛತ್ರಿ ಬೀಸಣಿಗೆಗಳ ನಡುವೆ. ಅಲ್ಲಿ ಅಮ್ಮ ನಿಲ್ಲಲಿಲ್ಲ. ಮುಂದಿನ ಅರ್ಧ ಯಮನದು. ಹಲವು ಕೈಗಳ ಯಮ ಕೋಣನ ಮೇಲೆ ಕೂತಿದ್ದಾನೆ, ಲೆಕ್ಕ ನೋಡಲು ಚಿತ್ರಗುಪ್ತ ಇದ್ದಾನೆ. ಮೇಲಿನ ಸಾಲಿನವರು ಸ್ವರ್ಗಕ್ಕೆ, ಕೆಳಗಿನವರನ್ನು ಎಳೆದುಕೊಂಡು ಹೋಗುತ್ತಿದ್ದಾರೆ. ಕೆಳಗೆ 32 ನರಕಗಳು, ಒಂದೊಂದಕ್ಕೂ ಹೆಸರು ಬರೆದು, ಯಾವ ತಪ್ಪಿಗೆ ಯಾವುದು ಅಂತ ಹೇಳಿದೆ. ಗೈಡ್ ನರಕಗಳನ್ನು ವರ್ಣಿಸಲು ಶುರುಮಾಡಿದ. ಎಲ್ಲ ಪ್ರವಾಸಿಗರೂ ಅದನ್ನೇ ಕೇಳುತ್ತಾರೇನೋ. ಅಮ್ಮ ಮಾತ್ರ ಮೇಲಿನ ಸಾಲನ್ನೇ ನೋಡುತ್ತಾ ಗೋಡೆಯ ಉದ್ದಕ್ಕೂ ನಡೆದಳು, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ.

ಪೂರ್ವಕ್ಕೆ ತಿರುಗಿದರೆ ಸಮುದ್ರಮಥನ. ಆಂಕೋರಿನ ಹೆಸರು ಹೇಳಿದರೆ ಮೊದಲು ನೆನಪಾಗುವ ಶಿಲ್ಪ ಇದೇ ಇರಬೇಕು. ವಾಸುಕಿಯ ತಲೆಯ ಕಡೆ 92 ಅಸುರರು, ಬಾಲದ ಕಡೆ 88 ದೇವತೆಗಳು, ನಡುವೆ ವಿಷ್ಣು, ಅವನ ಕೆಳಗೆ ಆಮೆ. ಕಡೆಗೋಲಿನ ಹತ್ತಿರ ಬಂದ ಮೀನು ಮೊಸಳೆಗಳು ನೀರಿನ ರಭಸಕ್ಕೆ ಎರಡು ತುಂಡಾಗಿವೆ. ಶಿಲ್ಪಿ ಅದನ್ನೂ ಬಿಟ್ಟಿಲ್ಲ. ಬಾಲದ ತುದಿ ಹಿಡಿದು ಎಳೆಯುತ್ತಿರುವುದು ಒಂದು ದೊಡ್ಡ ಕೋತಿ. ಹನುಮಂತ ಅಂದ ಗೈಡ್. "ನಮ್ಮ ಕತೇಲಿ ಹನುಮಂತ ಇಲ್ಲಿ ಬರಲ್ಲ. ಇವರ ಕತೇಲಿ ಬಂದಿದ್ದಾನೆ, ಬರ್ಲಿ. ಕೆಲಸ ಇರೋ ಕಡೆ ಅವನು ಇರ್ಲೇಬೇಕು" ಅಂದಳು ಅಮ್ಮ.

ಈ ಮೊಗಸಾಲೆ 187 ಮೀಟರ್‌ಗೆ 215 ಮೀಟರ್. ಒಂದು ಸುತ್ತು ಅಂದರೆ ಎಂಟುನೂರು ಮೀಟರ್. ಅಮ್ಮನಿಗೆ ಮಂಡಿ ನೋವು. ಉತ್ತರದ ಗೋಡೆಗೆ ಬರುವಷ್ಟರಲ್ಲಿ ನನ್ನ ಭುಜ ಹಿಡಿದುಕೊಂಡಿದ್ದಳು. "ಸಾಕು, ಮಧ್ಯದಿಂದ ಹೊರಗೆ ಹೋಗೋಣ" ಅಂದರೆ ಒಪ್ಪಲಿಲ್ಲ. ಲಂಕೆಯ ಯುದ್ಧ ದಾಟಿ, ಹನುಮಂತನ ಹೆಗಲೇರಿದ ರಾಮನನ್ನು ದಾಟಿ, ಹೊರಟ ಜಾಗಕ್ಕೇ ಬಂದು ನಿಂತಳು. ಅಲ್ಲಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು. ಮೇಲಿನ ಹಂತದ ಬಾಕಾನಿಗೆ ಹತ್ತುವ ಕಡಿದಾದ ಮೆಟ್ಟಿಲುಗಳಿಗೆ ಉದ್ದ ಸಾಲಿತ್ತು. ನಾವು ಹತ್ತಲಿಲ್ಲ. ಅಂದು ನೋಡಬೇಕೆಂದು ನಾನು ಬರೆದುಕೊಂಡು ಬಂದಿದ್ದ ಐದು ಜಾಗಗಳಲ್ಲಿ ಮೂರನ್ನು ಬಿಟ್ಟೆವು. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಹೊರಗೆ ಮರದ ನೆರಳಿನಲ್ಲಿ ಎಳನೀರು ಕುಡಿಯುವಾಗ ಆ ಹುಡುಗ ತನ್ನ ಮನೆಯ ವಿಷಯ ಹೇಳಿದ. 1986ರಿಂದ 1993ರವರೆಗೆ ನಮ್ಮ ದೇಶದ ಪುರಾತತ್ವ ಇಲಾಖೆಯವರು ಆಂಕೋರ್ ವಾಟ್‌ನಲ್ಲಿ ಕೆಲಸ ಮಾಡಿದ್ದರಲ್ಲ, ಅಂತರ್ಯುದ್ಧ ಇನ್ನೂ ಮುಗಿಯದ ಕಾಲದಲ್ಲಿ, ಆಗ ಅವನ ಅಪ್ಪ ಅವರ ಜೊತೆ ಕಲ್ಲು ತೊಳೆಯುವ ಕೂಲಿಗೆ ಹೋಗುತ್ತಿದ್ದನಂತೆ. ತಾತನನ್ನು ಅದಕ್ಕೂ ಮೊದಲು ದೇಶ ಆಳಿದ ಕಮ್ಯುನಿಸ್ಟ್ ಪಡೆ ಖ್ಮೇರ್ ರೂಜ್‌ನವರು ಕರೆದುಕೊಂಡು ಹೋದವರು ವಾಪಸ್ ಕಳಿಸಲಿಲ್ಲ. 1975ರಿಂದ 1979ರವರೆಗಿನ ಆ ನಾಲ್ಕು ವರ್ಷದಲ್ಲಿ ಸತ್ತವರು 15ರಿಂದ 20 ಲಕ್ಷ ಜನ. ತಾತನ ದೇಹ ಎಲ್ಲಿದೆಯೋ ಮನೆಯವರಿಗೆ ತಿಳಿಯದು.

ಅಮ್ಮ ಕೇಳಿದ ಮೊದಲ ಪ್ರಶ್ನೆ, "ಹಾಗಾದ್ರೆ ಎಡೆ ಎಲ್ಲಿ ಇಡ್ತಾರೆ?"

ನಾನು ಹೇಗೋ ಇಂಗ್ಲಿಷಿನಲ್ಲಿ ಹೇಳಿದೆ. ಅವನ ಮುಖ ಅರಳಿತು. ಅವರಲ್ಲಿ ಪ್ಚುಮ್ ಬೆನ್ ಅಂತ ಹದಿನೈದು ದಿನದ ಆಚರಣೆ ಇದೆ. ಹಿರಿಯರ ಆತ್ಮಗಳು ಹಸಿದು ಬರುತ್ತವೆ ಅಂತ ನಂಬಿ, ನಸುಕಿನಲ್ಲಿ ವಿಹಾರಕ್ಕೆ ಹೋಗಿ ಅನ್ನದ ಉಂಡೆಗಳನ್ನು ಇಡುತ್ತಾರೆ. ಎಲ್ಲಿ ಸತ್ತರೋ ಗೊತ್ತಿಲ್ಲದವರಿಗೂ ಅದು ಸಲ್ಲುತ್ತದೆ. 'ಬೆನ್' ಅಂದರೆ ಪಿಂಡ, ಆ ಮಾತಿನಿಂದಲೇ ಬಂದದ್ದು. ತಿಂಗಳು ಯಾವುದು ಅಂತ ಅಮ್ಮ ಕೇಳಿಸಿದಳು. 'ಫೋತ್ರೊಬೊತ್' ಅಂದ. ಭಾದ್ರಪದ! ಕೃಷ್ಣಪಕ್ಷ, ಅಮಾವಾಸ್ಯೆವರೆಗೆ. ನಮ್ಮ ಪಿತೃಪಕ್ಷವೇ, ಮಹಾಲಯವೇ. "ಒಂದೇ ದಿನಗಳಲ್ಲಿ ಇಬ್ಬರೂ ಇಡ್ತೀವಲ್ಲಪ್ಪ" ಅಂತ ಅಮ್ಮ ಕನ್ನಡದಲ್ಲೇ ಅವನ ಕೈ ಹಿಡಿದು ಹೇಳಿದಳು. ನಾನು ಅದನ್ನು ಅನುವಾದಿಸಲು ಹೋಗಲಿಲ್ಲ.

ಮಧ್ಯಾಹ್ನ ಬಿಸಿಲು ಇಳಿದ ಮೇಲೆ ತಾ ಪ್ರೋಮ್‌ಗೆ ಹೋದೆವು. ಮರದ ಬೇರುಗಳು ಗುಡಿಯ ಮಾಡನ್ನು ಹಿಡಿದು ಇಳಿದಿರುವ ಫೋಟೊಗಳನ್ನು ಎಲ್ಲರೂ ನೋಡಿರುತ್ತಾರೆ. ಎದುರಿಗೆ ನಿಂತಾಗ ಅದರ ಭಾರ ಗೊತ್ತಾಗುತ್ತದೆ. ಗೋಡೆಯನ್ನು ಒಡೆದದ್ದೂ ಬೇರೇ, ಈಗ ಬೀಳದ ಹಾಗೆ ತಬ್ಬಿ ನಿಲ್ಲಿಸಿರುವುದೂ ಬೇರೇ. ಅಲ್ಲಿನ ದೊಡ್ಡ ಮರಗಳ ಜಾತಿ ನಮ್ಮ ಪಶ್ಚಿಮಘಟ್ಟದಲ್ಲೂ ಇದೆ, ಬುಡದಲ್ಲಿ ಹಲಗೆಯ ಹಾಗೆ ಬೇರು ಚಾಚುವ ಮರ. ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿ ಕೂರಿಸುವ ಕೆಲಸದಲ್ಲಿ ಇಲ್ಲೂ ನಮ್ಮವರು ಕೈ ಜೋಡಿಸಿದ್ದಾರೆ.

ಏಳನೆಯ ಜಯವರ್ಮ ಇದನ್ನು ಕಟ್ಟಿಸಿದ್ದು 1186ರಲ್ಲಿ, ತನ್ನ ತಾಯಿಗಾಗಿ. ಅವಳ ರೂಪವನ್ನೇ ಬೌದ್ಧರ ಜ್ಞಾನದೇವತೆ ಪ್ರಜ್ಞಾಪಾರಮಿತೆ ಅಂತ ಪ್ರತಿಷ್ಠೆ ಮಾಡಿಸಿದ. ಶಾಸನ ಸಂಸ್ಕೃತದಲ್ಲಿದೆ. ನಮ್ಮ ಶಾಸನಗಳ ಹಾಗೆ ಶಕವರ್ಷದ ಲೆಕ್ಕ, ಶಕ 1108. ಗುಡಿಯ ಆವರಣದಲ್ಲಿ 12,640 ಜನ ಇದ್ದರು, ಅದರಲ್ಲಿ 615 ಜನ ನರ್ತಕಿಯರು ಅಂತ ಅದರಲ್ಲಿ ಬರೆದಿದೆ. ಅಮ್ಮ ಆ ಲೆಕ್ಕ ಕೇಳಲಿಲ್ಲ. "ಆ ತಾಯಿ ಹೆಸರೇನು?" ಅಂದಳು. "ಜಯರಾಜಚೂಡಾಮಣಿ" ಅಂದ ಗೈಡ್. ಅಮ್ಮ ಹೆಸರನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡಳು.

ಒಳಗಿನ ಪ್ರಾಕಾರದಲ್ಲಿ ಒಂದು ಸಣ್ಣ ಗೋಪುರದ ಕೋಣೆಯಿದೆ. ನೆತ್ತಿಯಲ್ಲಿ ಬೆಳಕು. ಅಲ್ಲಿ ಚಪ್ಪಾಳೆ ತಟ್ಟಿದರೆ ಏನೂ ಆಗದು. ಗೋಡೆಗೆ ಬೆನ್ನು ಕೊಟ್ಟು ನಿಂತು ಎದೆಗೆ ಮುಷ್ಟಿಯಿಂದ ಹೊಡೆದುಕೊಂಡರೆ ಕೋಣೆಗೆ ಕೋಣೆಯೇ ಗುಂ ಅನ್ನುತ್ತದೆ. ಗೈಡ್ ಮಾಡಿ ತೋರಿಸಿದ. ಮುಂದಿನ ಗುಂಪಿನ ಮಕ್ಕಳು ನಗುತ್ತಾ ಗುದ್ದಿಕೊಂಡು ಓಡಿದರು. ನಾನೂ ಒಂದು ಸಲ ಹೊಡೆದುಕೊಂಡೆ. ಸದ್ದು ನನ್ನ ಬೆನ್ನ ಹಿಂದಿನ ಕಲ್ಲಿನಿಂದ ಬಂದ ಹಾಗಾಯಿತು.

"ನೀನೂ ಬಾ ಅಮ್ಮ."

"ಎದೆ ಬಡ್ಕೊಳೋದು ಸಾವಿನ ಮನೇಲಿ ಕಣೇ. ಹೀಗೆ ಸುಮ್ಮನೆ ಬಡ್ಕೋಬಾರ್ದು."

ಅಪ್ಪನನ್ನು ಆಸ್ಪತ್ರೆಯಿಂದ ತಂದ ದಿನ ಅಮ್ಮ ಎದೆ ಬಡಿದುಕೊಂಡಿರಲಿಲ್ಲ. ದೂರದಿಂದ ಬಂದವರಿಗೆಲ್ಲ ಕಾಫಿ ಆಯಿತಾ ಅಂತ ಕೇಳುತ್ತಾ ಓಡಾಡಿದ್ದಳು. ಅದೆಂಥಾ ಕಲ್ಲೆದೆ ಅಂತ ಮಾತಾಡಿಕೊಂಡವರಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು.

ಕೋಣೆ ಖಾಲಿಯಾಯಿತು. ಗೈಡ್ ಹೊರಗೆ ಹೋಗಿ ಮರದ ಕಡೆ ಮುಖ ಮಾಡಿ ನಿಂತ. ಅಮ್ಮ ಸ್ವಲ್ಪ ಹೊತ್ತು ಮೇಲಿನ ಬೆಳಕನ್ನೇ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟಳು. ಗೋಡೆಗೆ ಬೆನ್ನು ಹಚ್ಚಿ ನಿಂತು, ಸೆರಗನ್ನು ಬಿಗಿಯಾಗಿ ಸುತ್ತಿ, ಬಲಗೈ ಮುಷ್ಟಿ ಕಟ್ಟಿ ಎದೆಗೆ ಒಂದು ಸಲ ಹೊಡೆದುಕೊಂಡಳು. ಸದ್ದು ಏರಿ ಮೇಲಿನ ಕಿಂಡಿಯವರೆಗೆ ಹೋಯಿತು. ಅದು ಪೂರ್ತಿ ಅಡಗುವವರೆಗೆ ಕಾದು ಇನ್ನೊಂದು ಸಲ. ಆಮೇಲೆ ಕಾಯಲಿಲ್ಲ.

ಹಿಂದಿನಿಂದ ಮತ್ತೊಂದು ಗುಂಪು ಬಂತು. ನಾನು ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತೆ.